ಹೋಗಿ ಬಾ

ಪ್ರೋಗ್ರಾಮಿಂಗ್ ಕಲಿಯಲು ಶುರುಮಾಡುವ ಮಕ್ಕಳಿಗೆ ಕಡಿಮೆ ಪದ ಬಲ್ಲ ಯಂತ್ರವೇ ಸರಿ. ಹಾಗಾಗಿ ಟೀಚರ್ ವಾರಿಜಾ ಈ ಸಲ ತನ್ನ ಗಂಡನನ್ನೇ ತರಗತಿಗೆ ತಂದಿದ್ದಳು. ಸತ್ತಮೇಲೆ ಎಲ್ಲರಂತೆ ಅವನೂ ಪುಟ್ಟ ಗಾಲಿಯಂತ್ರವಾಗಿ ಮನೆಗೆ ಬಂದಿದ್ದ. ಬರಬರುತ್ತ ಮಾತುಗಳೆಲ್ಲ ಮರೆತುಹೋಗಿ, ಈಗ ನಾಲ್ಕೈದು ಪದಗಳಷ್ಟೇ ಉಳಿದಿದ್ದವು.

"ಹೋಗು," ಎಂದಳು ಪುಟ್ಟ ನಫೀಸಾ. ಅವನು ಕದಲಲಿಲ್ಲ.

"ನಮ್ಮನೇಲಿ ಹಾಗನ್ನಲ್ಲ ಕಣೇ. ಹೋಗಿ ಬಾ ಅನ್ನು," ಎಂದಳು ವಾರಿಜಾ.

ನಫೀಸಾ ಹಾಗಂದದ್ದೇ ತಡ, ಅವನು ಬಾಗಿಲವರೆಗೆ ಉರುಳಿ, ತಿರುಗಿ ವಾರಿಜಾಳ ಕಾಲ ಬಳಿಯೇ ಬಂದು ನಿಂತ. ಮಕ್ಕಳು ಬಿದ್ದುಬಿದ್ದು ನಕ್ಕರು.

"ಮಿಸ್, ಇದು ಬರೀ ನಿಮ್ಮ ಹತ್ರಾನೇ ಬರತ್ತೆ! ಬಾಗಿಲಲ್ಲೇ ನಿಲ್ಲಿಸೋದು ಹೇಗೆ?"

ಹೊಸ ಪದವನ್ನು ಅವನು ಅವಳಿಂದ ಮಾತ್ರ ಕಲಿಯುತ್ತಿದ್ದ. ವಾರಿಜಾ ಬಗ್ಗಿ, ಅವನ ತಣ್ಣನೆಯ ಬೆನ್ನ ಮೇಲೆ ಕೈಯಿಟ್ಟಳು.

"ಹೋಗು."

ಅವನು ಬಾಗಿಲವರೆಗೆ ಹೋದ. ತಿರುಗಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು.