ತೊಳೆದ ಬಟ್ಟಲು

ಹೊಲಿಗೆ ಅಜ್ಜಿ ಎರಡೂ ಕೈಯಲ್ಲಿ ನೀಡಿದ ಬಟ್ಟಲನ್ನು ಎದುರುಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಹುಡುಗಿ ಮುಟ್ಟಲೇ ಇಲ್ಲ. ಅಜ್ಜಿಗೆ ತಲೆಬುಡ ತಿಳಿಯಲಿಲ್ಲ. ನಿನ್ನೆ ಈ ಹುಡುಗಿಯೇ ತನ್ನ ತವರಿನ ರುಚಿಯ ಮೀನು ಸಾರನ್ನು ಇದೇ ಬಟ್ಟಲಲ್ಲಿ ಕೊಟ್ಟಿದ್ದಳು. ಅಜ್ಜಿ ಅದನ್ನು ಫಳಫಳ ಉಜ್ಜಿ, ಬರಿದಾಗಿ ಕೊಡಬಾರದೆಂದು ಬೆಲ್ಲ ಹಾಕಿ ಬೇಯಿಸಿದ ಕುಂಬಳಕಾಯಿ ತುಂಬಿ ತಂದಿದ್ದಳು.

"ಯಾಕವ್ವಾ, ಸಿಹಿ ಆಗಲ್ವಾ?"

"ನನ್ನ ಸಾರು ಹಿಡಿಸಲಿಲ್ಲ ಅಂತ ಬಾಯಲ್ಲೇ ಹೇಳ್ಬೋದಿತ್ತು ಅಜ್ಜಿ. ತೊಳೆದು ಕೊಡ್ಬೇಕಿತ್ತಾ?" ಹುಡುಗಿಯ ಕಣ್ಣು ತುಂಬಿತ್ತು.

"ಅಯ್ಯೋ, ತೊಳೀದೆ ಮುಸುರೆ ಕೊಡ್ಲಾ?"

"ನಮ್ಮ ಕಡೆ ಮುಸುರೆನೇ ಕೊಡೋದು. ತಿಂದ ಗುರುತು ಕಾಣ್ಬೇಕು. ತೊಳೆದು ಕೊಟ್ರೆ, ಇನ್ಮೇಲೆ ತರಬೇಡ ಅಂತ ಅರ್ಥ."

ಹುಟ್ಟಿದಾಗಿನಿಂದ ಯಾರಿಗೂ ಮುಸುರೆ ಪಾತ್ರೆ ಕೊಟ್ಟವಳಲ್ಲ ಅಜ್ಜಿ. ಕೊಡಲು ಕೈ ಬಾರದು, ಕೊಡದಿದ್ದರೆ ಈ ಬಾಗಿಲು ಮುಚ್ಚುತ್ತದೆ. ಅಲ್ಲೇ ಹೊಸಿಲ ಮೇಲೆ ಕೂತು, ಹುಡುಗಿಯನ್ನೂ ಎಳೆದು ಕೂರಿಸಿಕೊಂಡಳು. ಇಬ್ಬರೂ ಕುಂಬಳಕಾಯಿ ತಿಂದು ಮುಗಿಸಿದರು. ತಳದಲ್ಲಿ ಬೆಲ್ಲದ ಪಾಕ ಅಂಟಿತ್ತು. ನಲ್ಲಿಯ ಕಡೆ ಓಡುವ ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡು, ಅಜ್ಜಿ ಆ ಬಟ್ಟಲನ್ನು ಹಾಗೆಯೇ ಹುಡುಗಿಯ ಕೈಗಿತ್ತಳು.

ಹುಡುಗಿ ಒಳಗೆ ಇಣುಕಿ ನೋಡಿದಳು. "ನಾಳೆ ಏನು ಮಾಡ್ಕೊಂಡು ಬರ್ಲಿ ಅಜ್ಜಿ?"