ಗಂಟಲು ಕಟ್ಟಿದ ದಿನ

"ಗಂಟಲು ಪೂರ್ತಿ ಕಟ್ಟಿದೆ ಕಣೋ. ಇವತ್ತು ನನ್ನ ಭಾಗಾನೂ ನೀನೇ ಹೇಳ್ಬಿಡು," ಎಂದು ಕೆಳಬೀದಿಯ ಗೈಡು ಪಿಸುಗುಟ್ಟಿದ. ಮೇಲ್ಬೀದಿಯ ಗೈಡಿಗೆ ಆಗಲೇ ಕಾಲು ಪದ ಹೇಳುತ್ತಿತ್ತು. ಎರಡು ಬೀದಿಗಳ ನಡುವಿನ ಹಳೆಯ ಗಲಭೆಯಲ್ಲಿ ಸತ್ತವರ ನೆನಪಿನ ಈ ಪ್ರವಾಸದಲ್ಲಿ, ತನ್ನ ಬೀದಿಯ ಸಾವುಗಳನ್ನು ಹೇಳಿ ಮುಗಿಸಿ, ನೋಡಲು ಬಂದವರನ್ನು ಈ ತಿರುವಿನಲ್ಲಿ ಕೆಳಬೀದಿಯವನಿಗೆ ಒಪ್ಪಿಸಿ, ತಾನು ಕಟ್ಟೆಯ ಮೇಲೆ ಕೂತುಬಿಡುವುದು ಹನ್ನೊಂದು ವರ್ಷದ ವಾಡಿಕೆ.

"ನಂಗೆ ಬರಲ್ಲಪ್ಪ."

"ದಿನಾ ಕೂತು ಕೇಳಿದ್ದೀಯ. ಬಾಯಿಪಾಠ ಆಗಿರುತ್ತೆ."

ಆಗಿತ್ತು. ಮಸಿ ಹಿಡಿದ ಗ್ಯಾರೇಜಿನ ಮುಂದೆ ನಿಂತು, ಆಕಳಿಕೆ ನುಂಗಿಕೊಂಡು ಒಪ್ಪಿಸತೊಡಗಿದ. ಒಳಗೆ ಅಣ್ಣ ತಮ್ಮ ಇಬ್ಬರು ಲಾರಿ ರಿಪೇರಿ ಮಾಡುತ್ತಿದ್ದರು. ಹೊರಗಿನಿಂದ ಷಟರ್ ಎಳೆದು ಬೆಂಕಿ ಇಟ್ಟರು. ಅಣ್ಣ ಒಳಗೇ ಸುಟ್ಟುಹೋದ. ತಮ್ಮ ಹಿಂದಿನ ಕಿಟಕಿಯಿಂದ ಹಾರಿ ಬದುಕಿದ. ನಿಮ್ಮ ಪಕ್ಕದಲ್ಲಿ ನಿಂತಿರುವ ಈ ಕೆಳಬೀದಿಯ ಗೈಡೇ ಆ ತಮ್ಮ.

"ಷಟರ್ ಎಳೆದವರು ಯಾರು?" ಎಂದು ಹೆಂಗಸೊಬ್ಬಳು ಕೇಳಿದಳು.

'ಮೇಲ್ಬೀದಿಯವರು' ಎಂಬ ಉತ್ತರವೂ ಬಾಯಿಪಾಠವಿತ್ತು. ಹೇಳಿ ಮುಂದೆ ಹೋಗಬಹುದಿತ್ತು. ಅವನು ತನ್ನ ಅಂಗೈ ನೋಡಿಕೊಂಡ.

"ನಾವು," ಎಂದ. "ಆ ಷಟರಿಗೆ ನಾನೂ ಕೈ ಹಾಕಿದ್ದೆ."

ಯಾರೂ ಫೋಟೊ ತೆಗೆಯಲಿಲ್ಲ. ತಮ್ಮ ಮುಂದೆ ಬಂದು ಅವನ ಪಕ್ಕದಲ್ಲಿ ನಿಂತ. ಆಮೇಲೆ ಒಡೆದ ದನಿಯಲ್ಲೇ, "ನೀನು ಹೋಗಿ ಕೂತ್ಕೋ," ಎಂದ. "ಮುಂದಿನದು ನಾನು ಹೇಳ್ತೀನಿ."