ನಿವ್ವಳ ಪ್ರಮಾಣ: ನಲವತ್ತು ಪದ

ಸಾಯುವವರ ಗಂಟಲಲ್ಲಿ ಉಳಿದುಹೋದ ಮಾತನ್ನು ಡಬ್ಬಿಗೆ ತುಂಬಿ ಮನೆಯವರಿಗೆ ಕೊಡುವುದು ಆಗ ಎಲ್ಲ ಊರಿನಲ್ಲೂ ಇದ್ದದ್ದೇ. ಮುಚ್ಚಳ ತೆರೆದರೆ ಮಾತು ಒಂದೇ ಸಲ ಕೇಳಿಸಿ ಮುಗಿದುಹೋಗುತ್ತಿತ್ತು.

ಕಮಲಾಕ್ಷಮ್ಮನಿಗೆ ಗಂಡನ ಎರಡು ಡಬ್ಬಿ ಸಿಕ್ಕಿದ್ದವು. ಎರಡರ ಮೇಲೂ ‘ನಿವ್ವಳ ಪ್ರಮಾಣ: ನಲವತ್ತು ಪದ’ ಎಂಬ ಚೀಟಿ. ತಿಥಿಯ ದಿನ ಒಂದನ್ನು ತೆರೆದಳು. ಮನೆಯ ಸೂರು, ಹಸುವಿನ ಕಾಲುನೋವು ಎಲ್ಲ ಆಗಿ, “ಕಮಲೀ, ಒಂದು ವಿಷಯ ನಿನಗೆ ಹೇಳದೆ...” ಎನ್ನುವಲ್ಲಿಗೆ ನಿಂತುಹೋಯಿತು. ಬೆರಳು ಮಡಿಸಿ ಎಣಿಸಿದ್ದಳು. ಮೂವತ್ತೇಳೇ ಪದ.

ಉಳಿದ ಮೂರು ಪದ ಕೊಡಿಸಿ ಎಂದು ಅಳತೆ ಕಚೇರಿಗೆ ಹೋದಳು.

“ತೆರೆದ ಡಬ್ಬಿ ಲೆಕ್ಕಕ್ಕೆ ಬರಲ್ಲಮ್ಮ,” ಎಂದರು ಇನ್ಸ್‌ಪೆಕ್ಟರ್ ಧರಣೇಂದ್ರಯ್ಯ. “ಸೀಲ್ ಇರೋದು ಇದ್ರೆ ಕೊಡಿ, ಪರೀಕ್ಷೆ ಮಾಡ್ತೀನಿ.”

“ಇದೆ ಸಾರ್,” ಎಂದು ಅವಳು ಸೆರಗಿನಲ್ಲಿ ಸುತ್ತಿಟ್ಟಿದ್ದ ಎರಡನೆಯದನ್ನು ಕೊಟ್ಟಳು. ತುಪ್ಪದ ಪೊಟ್ಟಣದ ಹಾಗೆ ತಕ್ಕಡಿಗಿಟ್ಟು ತೂಗಿ ವಾಪಸ್ ಕೊಡುತ್ತಾರೆ ಎಂದುಕೊಂಡಿದ್ದಳು.

ಅವರು ಡಬ್ಬಿಗೆ ಕೊಳವೆ ಜೋಡಿಸಿ, ಇನ್ನೊಂದು ತುದಿಯನ್ನು ಕಿವಿಗೆ ಸಿಕ್ಕಿಸಿಕೊಂಡು, ಮುಚ್ಚಳ ತಿರುಗಿಸಿಯೇಬಿಟ್ಟರು. “ಅಯ್ಯೋ, ಬೇಡ!” ಎನ್ನುವಷ್ಟರಲ್ಲಿ ಅವರ ಹೆಬ್ಬೆರಳು ಎಣಿಕೆಯ ಗುಂಡಿ ಒತ್ತತೊಡಗಿತ್ತು. ಮೇಜಿನ ಈಚೆ ಅವಳಿಗೆ ಗುಂಡಿಯ ಟಕಟಕ ಬಿಟ್ಟು ಬೇರೇನೂ ಕೇಳಿಸಲಿಲ್ಲ.

“ನಲವತ್ತು. ಇದು ಸರಿಯಾಗೇ ಇದೆ,” ಎಂದು ಅವರು ಖಾಲಿ ಡಬ್ಬಿಗೆ ಮೊಹರು ಒತ್ತಿದರು.

ಕಮಲಾಕ್ಷಮ್ಮ ಮೇಜಿನ ಅಂಚು ಹಿಡಿದುಕೊಂಡಳು. “ಏನಂದ್ರು ಸಾರ್, ನಮ್ಮೋರು?”

ಧರಣೇಂದ್ರಯ್ಯ ಕೊಳವೆ ತೆಗೆದು ಅವಳ ಮುಖ ನೋಡಿದರು. ಆಮೇಲೆ ನೋಡಲಾಗಲಿಲ್ಲ.

“ನಾನು ಎಣಿಸ್ತಾ ಇದ್ದೆನಮ್ಮ.”